ಮಗಳನ್ನು ಕರೆತರಲು ಲಾ ಕಾಲೇಜಿಗೆ ಹೋದದ್ದು

ಗಲ್ಲಾದ ಮುಂದೆ ಕೂತಿರುವಷ್ಟು ಹೊತ್ತು ನಾನು ಜಾಣನೇ. ಊರು ದಾಟಿದೆನೋ, ಏನಾದರೊಂದು ಆಗಿಯೇ ಆಗುತ್ತದೆ. ಇದು ಎಂಬತ್ತರ ದಶಕದ ಮಾತು. ಬಾಳೆಹೊನ್ನೂರಿನಲ್ಲಿ ನನ್ನದು ಕಾಳುಮೆಣಸಿನ ವ್ಯಾಪಾರ. ಮಗಳು ವಿಶ್ವವಿದ್ಯಾಲಯದ ಲಾ ಕಾಲೇಜು ಸೇರಿ ವರ್ಷವಾಗಿತ್ತು, ಇನ್ನೆರಡು ವರ್ಷ ಬಾಕಿ. ಅಷ್ಟರಲ್ಲಿ ಕೊಪ್ಪದಿಂದ ಒಳ್ಳೆಯ ಸಂಬಂಧ ಬಂತು. "ಓದಿದ್ದು ಸಾಕು, ಕರ್ಕೊಂಡು ಬಾ" ಅಂತ ಅವ್ವ ಹಟ ಹಿಡಿದಳು. ಬಸ್ಸು ಹತ್ತಿದೆ.

೧. ಎರಡು ಗೇಟು

ಅರಮನೆಯಂಥ ಕಟ್ಟಡ. ಚಪ್ಪಲಿ ಬಿಡಬೇಕೋ ಏನೋ ಎಂದು ನಿಂತೆ. ಮಗಳು ಯಾವ ಕ್ಲಾಸೆಂದು ಕೇಳಿ ವಾಚ್‌ಮನ್ ಹೇಳಿದ, "ಇದು ಹಳೇ ಕ್ಯಾಂಪಸ್. ನಿಮ್ಮ ಮಗಳಿರೋದು ಹೊಸದ್ರಲ್ಲಿ. ಊರಿನ ಆ ತುದಿ."

"ನಂದು ಒಂದೇ ಅಂಗಡಿ ಮಾರಾಯ. ಆದ್ರೂ ಗಿರಾಕೀನ ಹೀಗೆ ಅಲೆಸೋದಿಲ್ಲ."

"ಅದಕ್ಕೇ ನಿಮ್ದು ಒಂದೇ ಅಂಗಡಿ!"

೨. ಓಡುವ ಸರಕು

ಹೊಸ ಕ್ಯಾಂಪಸ್ಸಿನಲ್ಲಿ ಮಗಳು ಮೊದಲು ಲೈಬ್ರರಿ ತೋರಿಸಿದಳು. ನೆಲದಿಂದ ಸೂರಿನವರೆಗೆ ಪುಸ್ತಕ. ಇಷ್ಟು ದಾಸ್ತಾನು ನಾನು ಯಾವ ಮಂಡಿಯಲ್ಲೂ ಕಂಡಿರಲಿಲ್ಲ. ಬಂದ ವಿಷಯ ಬಾಯಿಗೇ ಬರಲಿಲ್ಲ. ಮೆಲ್ಲಗೆ ಲೈಬ್ರರಿಯವರನ್ನು ಕೇಳಿದೆ, "ಇದ್ರಲ್ಲಿ ಜಾಸ್ತಿ ಓಡೋದು ಯಾವ್ದು?"

"ಆಸ್ತಿ ಪಾಲು."

"ಓಡದೇ ನಿಂತಿದ್ದು?"

ಧೂಳು ಹಿಡಿದ ಮೂಲೆ ತೋರಿಸಿದರು. "ರಾಜಿ ಪಂಚಾಯ್ತಿ."

೩. ನೆನೆದ ಮೆಣಸು

ಮಧ್ಯಾಹ್ನ ಹುಡುಗರ ಅಣಕು ಕೋರ್ಟು. ಮೇಷ್ಟ್ರೇ ಜಡ್ಜು. ಲಾರಿಯಲ್ಲಿ ಮೆಣಸು ನೆನೆದಿದೆ, ವ್ಯಾಪಾರಿ ದಾವೆ ಹಾಕಿದ್ದಾನೆ. ನನ್ನ ಮಗಳು ಕಪ್ಪು ಕೋಟು ಹಾಕಿ ನಿಂತದ್ದು ಲಾರಿಯವನ ಪರ! ಲಾರಿಯವರ ಕೈಯಲ್ಲಿ ನಾನು ಪಟ್ಟ ಪಾಡು ಅವಳಿಗೆ ಗೊತ್ತಿಲ್ಲವೇ? ಆದರೆ ಅವಳು ವಾದ ಮುಗಿಸುವ ಹೊತ್ತಿಗೆ, ಆ ಮೆಣಸಿಗೆ ನಾನೇ ನೀರು ಹೊಯ್ದಿರಬೇಕು ಅನ್ನಿಸಿಬಿಟ್ಟಿತು. ಗೆದ್ದಳು. ಚಪ್ಪಾಳೆ ತಟ್ಟಿದೆ.

"ಕೋರ್ಟಲ್ಲಿ ಚಪ್ಪಾಳೆ ಹೊಡೀಬಾರ್ದು" ಅಂದ ಜವಾನ.

"ಸೋತ ವ್ಯಾಪಾರಿಗೆ ಅಷ್ಟೂ ಹಕ್ಕಿಲ್ವಾ?"

೪. ಟವೆಲಿನಡಿ

ಕೊನೆಗೆ ಗೇಟಿನ ಹತ್ತಿರ ಕೊಪ್ಪದ ಸಂಬಂಧದ ವಿಷಯ ಹೇಳಿಯೇಬಿಟ್ಟೆ. ಅವಳು ಅಳಲಿಲ್ಲ, ಜಗಳವಾಡಲಿಲ್ಲ. "ಟವೆಲ್ ಕೊಡಿ ಅಪ್ಪಾಜಿ" ಅಂದಳು.

ನಮ್ಮ ವ್ಯಾಪಾರದಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲಿನ ಅಡಿ ಒಬ್ಬರ ಬೆರಳು ಒಬ್ಬರು ಹಿಡಿದು ತಿಳಿಸುವುದು. ಅಂಗಡಿಯಲ್ಲಿ ಬೆಳೆದವಳು, ನೋಡಿ ಕಲಿತಿದ್ದಾಳೆ. ಕೈ ಮೇಲೆ ಟವೆಲ್ ಹೊದಿಸಿ ನನ್ನ ಎರಡು ಬೆರಳು ಹಿಡಿದಳು. ಎರಡು ವರ್ಷ. ಅವ್ವನ ಮುಖ ನೆನೆದು ನಾನು ಅವಳ ಒಂದು ಬೆರಳು ಹಿಡಿದೆ. ಅವಳು ಮೂರು ಹಿಡಿದಳು.

"ಇದೆಂಥದು, ಏರಿಸ್ತಾ ಇದೀಯ?"

"ಎರಡು ವರ್ಷ ಓದೋಕೆ. ನೀವು ಚೌಕಾಸಿ ಮಾಡಿದ್ದಕ್ಕೆ, ಇನ್ನೊಂದು ವರ್ಷ ವಕೀಲಿಕೆಗೆ."

ತಟ್ಟನೆ ಕೈ ಎಳೆದುಕೊಂಡು ಒಬ್ಬನೇ ಬಸ್ಸು ಹತ್ತಿದೆ. ಇನ್ನೊಂದು ಸಲ ಬೆರಳು ಹಿಡಿದಿದ್ದರೆ, ಅವಳು ಜಡ್ಜ್ ಆಗುವವರೆಗೂ ಆ ಕೊಪ್ಪದ ಹುಡುಗ ಕಾಯಬೇಕಾಗುತ್ತಿತ್ತು.