ಕಾಕುವಿನ ಬಿಸಿ ಸೇಬು

ನಮ್ಮ ಕಾಕು, ಅಂದರೆ ಕಾಕಾನ ಹೆಂಡತಿ, ಅವರ ಕೈಗೆ ಸಿಕ್ಕ ಯಾವ ಸಿಹಿತಿಂಡಿಯೂ ಔಷಧಿಯಾಗದೆ ಪಾರಾದದ್ದಿಲ್ಲ! ಘಾಟ್ಕೋಪರಿನ ಅವರ ಬಿಲ್ಡಿಂಗಿನಲ್ಲಿ ಹುಟ್ಟುಹಬ್ಬವೆಂದರೆ ಕೇಕು ಅಂಗಡಿಯದೋ, ಕಾಕು ಮಾಡಿದ್ದೋ ಎಂದೇ ಮಕ್ಕಳು ಮೊದಲು ವಿಚಾರಿಸುತ್ತಿದ್ದರು: "ಕೇಕ್ ದುಕಾನ್‌ವಾಲಾ ಹೈ ನಾ? ಆಂಟೀವಾಲಾ ತೋ ನಹೀ?"

ಆಮೇಲೆ ಫೋನಿನಲ್ಲಿ ನೋಡಿ ಆ್ಯಪಲ್ ಕ್ರಂಬಲ್ ಕಲಿತರು. ಸೇಬಿನ ಹೋಳುಗಳ ಮೇಲೆ ಮೈದಾ, ಸಕ್ಕರೆ, ಬೆಣ್ಣೆ ಕಲಸಿ ಉದುರಿಸಿ ಓವನ್ನಿನಲ್ಲಿ ಬೇಯಿಸುವುದು. ಧಾರವಾಡದ ಹೆಂಗಸು ಬಿಟ್ಟಾರೆಯೇ? ಮೈದಾ ಹೋಗಿ ಜೋಳದ ಹಿಟ್ಟು ಬಂತು, ಸಕ್ಕರೆ ಹೋಗಿ ಖರ್ಜೂರ, ಬೆಣ್ಣೆ ಹೋಗಿ ಹುರಿದ ಅಗಸೆಪುಡಿ. ಸೇಬನ್ನು ಉಳಿಸಿಕೊಂಡದ್ದೇ ದೊಡ್ಡ ಉಪಕಾರ!

"ಇದೇನು, ಸ್ವೀಟೋ ಶಿಕ್ಷೇನೋ?" ಎನ್ನುತ್ತಿದ್ದರು ಕಾಕಾ.

"ಸುಮ್ನ ತಿನ್ರಿ. ನಿಮ್ಮ ಹಾರ್ಟು ನನಗ ಥ್ಯಾಂಕ್ಸ್ ಹೇಳ್ತದ."

"ಹೇಳ್ತದ ಬಿಡು, ಅದಕ್ಕೇನು ನಾಲಿಗಿ ಅದ? ನಾಲಿಗಿ ಇರೋದು ನನಗ!"

ಆಮೇಲೆ ಕಾಕಾನಿಗೆ ಕ್ಯಾನ್ಸರ್ ಎಂದು ತಿಳಿಯಿತು. ಚಿಕಿತ್ಸೆ ಶುರುವಾದ ಮೇಲೆ ಊಟ ಸೇರದಾಯಿತು, ಮೈ ಇಳಿಯುತ್ತ ಹೋಯಿತು. ಡಾಕ್ಟರು "ಏನಾದರೂ ಸರಿ, ತಿನ್ನಲಿ" ಎಂದದ್ದೇ ತಡ, ಕಾಕು ದಿನಾ ಓವನ್ ಹಚ್ಚತೊಡಗಿದರು. ಆಶ್ಚರ್ಯ! ಅನ್ನ, ರೊಟ್ಟಿ ದೂರ ತಳ್ಳುತ್ತಿದ್ದ ಕಾಕಾ ಆ ಕ್ರಂಬಲ್ ಮಾತ್ರ ತಿನ್ನುತ್ತಿದ್ದರು. "ಬಾಯಿಗೆ ರುಚಿ ಹತ್ತೋದು ಇದೊಂದ" ಎಂದು ಹೊಗಳುತ್ತಲೂ ಇದ್ದರು. ಕಾಕು ಆ ಮಾತನ್ನು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ಲಿಫ್ಟ್ ಕೆಟ್ಟ ದಿನ ಮೆಟ್ಟಿಲ ಮೇಲೆ ಸಿಕ್ಕವರಿಗೂ!

ಒಂದು ದಿನ ನಾನು ಗೋರೆಗಾಂವಿನಿಂದ ನೋಡಲು ಹೋಗಿದ್ದೆ. ಭಾನುವಾರವಿರಬೇಕು. ಈ ನೆನಪಿನಲ್ಲಿ ನಡೆದದ್ದೆಷ್ಟು, ನಾನು ಸೇರಿಸಿದ್ದೆಷ್ಟು? ಕೇಳೋಣವೆಂದರೆ ಕಾಕಾ ಈಗ ಇಲ್ಲ, ಕಾಕು ಆ ಮಾತೆತ್ತುವುದಿಲ್ಲ.

ಕಾಕು ನಮ್ಮಿಬ್ಬರ ಕೈಗೂ ಬಿಸಿ ಬಟ್ಟಲು ಕೊಟ್ಟರು. ಒಂದು ಚಮಚ ಬಾಯಿಗಿಟ್ಟೆ. ಇಂಗು! ಉಪ್ಪು! ಸಾಸಿವೆ! ಅಗಸೆಪುಡಿಯೆಂದು ಮೆಂತ್ಯೆಹಿಟ್ಟು ಸುರಿದುಬಿಟ್ಟಿದ್ದರು, ಅನ್ನಕ್ಕೆ ಎಣ್ಣೆ ಹಾಕಿ ಕಲಸಿಕೊಳ್ಳುವ ಪುಡಿಯನ್ನು! ನುಂಗುವುದೋ, ಉಗುಳುವುದೋ? ಕಾಕು ನನ್ನ ಮುಖ ನೋಡಿದರು. ನನ್ನ ಬಟ್ಟಲಿನಿಂದ ಒಂದು ಚೂರು ಬಾಯಿಗೆ ಹಾಕಿಕೊಂಡವರೇ ಕಾಕಾನ ಬಟ್ಟಲು ಕಸಿಯಲು ಕೈ ಚಾಚಿದರು.

ಕಾಕಾ ಆಗಲೇ ಅರ್ಧ ಮುಗಿಸಿದ್ದರು.

"ಇವತ್ತ ಭಾಳ ಛಲೋ ಆಗೇದ ನೋಡು," ಎಂದರು. "ಸಿಹಿ ಬರೋಬ್ಬರಿ ಅದ."

ಚಾಚಿದ ಕೈ ಅಲ್ಲೇ ನಿಂತಿತು. ಇಷ್ಟು ದಿನವೂ ಆ ನಾಲಿಗೆಗೆ ಯಾವ ರುಚಿಯೂ ಹತ್ತಿರಲಿಲ್ಲ ಎಂಬುದು ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆಯಿತು. ನಾನು ಏನೋ ಹೇಳಹೋದೆ. ಕಾಕು ನನ್ನ ಕಾಲು ತುಳಿದರು.

ನನ್ನ ಬಟ್ಟಲು ತೆಗೆದುಕೊಂಡು ಕಾಕಾನ ಪಕ್ಕ ಮಂಚದ ಮೇಲೆ ಕುಳಿತರು. ಒಂದೊಂದೇ ಚಮಚ, ತಳ ಕಾಣುವವರೆಗೂ ತಿಂದರು.

"ಹೌದ್ರಿ," ಎಂದರು, "ಸಿಹಿ ಸ್ವಲ್ಪ ಜಾಸ್ತೀನ ಆಗೇದ."