ಅತ್ತೆಯ ಫೋಟೋಗೆ ಮೂರು ತಿಂಗಳ ತಯಾರಿ

ಜಾಗ್ರತೆಯಾಗಿದ್ದರೆ ನಗೆಪಾಟಲಾಗುವುದಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಈಗ ಆ ನಂಬಿಕೆ ಇಲ್ಲ. ನಾನು ಎಚ್ಚರ ಹೆಚ್ಚಿಸಿದಷ್ಟೂ ನಗೆಪಾಟಲಿನ ಪ್ರಸಂಗಗಳು ವಿಳಾಸ ಕೇಳಿಕೊಂಡು ಮನೆಗೇ ಬರುತ್ತವೆ.

1. ಅರ್ಧ ಪರಿಚಯ

ಕಳೆದ ವರ್ಷ ನನ್ನ ಹೆಂಡತಿ ತೀರಿಕೊಂಡಳು. ಹನ್ನೊಂದನೆಯ ದಿನಕ್ಕೆ ಫೋಟೋ ಬೇಕಾಯಿತು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳ ಮುಖ ಸರಿಯಾಗಿ ಕಾಣುವ ಫೋಟೋ ಒಂದೇ ಇತ್ತು. ಅದೂ ಯಾರದೋ ಮದುವೆಯ ಗುಂಪಿನಲ್ಲಿ, ಮೂರನೆಯ ಸಾಲಿನಲ್ಲಿ. ಬಂಗಾರಪೇಟೆಯ ಸ್ಟುಡಿಯೋದವನು ಮುಖ ಮಾತ್ರ ಕತ್ತರಿಸಿ, ಕಂಪ್ಯೂಟರಿನಲ್ಲಿದ್ದ ರೇಷ್ಮೆ ಸೀರೆಯ ಭುಜಗಳ ಮೇಲೆ ಕೂರಿಸಿಕೊಟ್ಟ. ಅವಳು ಎಂದೂ ಉಡದ ಸೀರೆ, ಅವಳಿಗಿಲ್ಲದ ಕಾಸಿನ ಸರ.

ಎರಡು ತಿಂಗಳ ನಂತರ ಸಹೋದ್ಯೋಗಿಯೊಬ್ಬರ ತಾಯಿ ಹೋದರು. ಮಾತನಾಡಿಸಿ ಬರಲು ಹೋದೆ. ಗೋಡೆಯ ಮೇಲೆ ಅದೇ ಸೀರೆ, ಅದೇ ಸರ, ಅದೇ ಭುಜ. ಮುಖ ಮಾತ್ರ ಅವರ ತಾಯಿಯದು. ನಾನು ಕಣ್ಣು ಕೀಳದೆ ನಿಂತಿದ್ದನ್ನು ಕಂಡು ಅವರು, "ಅಮ್ಮನ್ನ ಮೊದಲೇ ನೋಡಿದ್ರಾ ಸಾರ್?" ಅಂದರು.

"ಅರ್ಧ ನೋಡಿದ್ದೀನಿ," ಅಂದೆ.

2. ಇನ್ನೂ ಇಪ್ಪತ್ತೆಂಟು ಪುಟ

ನನ್ನ ಹೆಂಡತಿಯದು ಅವಳ ತಾಯಿಯ ಮುಖ. ಅತ್ತೆ ಬೇತಮಂಗಲದಲ್ಲಿದ್ದಾರೆ. ಎಂಬತ್ತು ದಾಟಿದೆ. ನನಗೆ ಸೋದರತ್ತೆಯೂ ಹೌದು. ಆ ಮುಖ ಈಗ ಭೂಮಿಯ ಮೇಲೆ ಒಂದೇ ಉಳಿದಿದೆ. ಅದು ಇರುವಾಗಲೇ ಒಂದು ಒಳ್ಳೆಯ ಫೋಟೋ ತೆಗೆದಿಡಬೇಕೆಂದು, ಸ್ಟುಡಿಯೋದವರು ಬಳಸುವಂಥ ದೊಡ್ಡ ಡಿಜಿಟಲ್ ಕ್ಯಾಮೆರಾ ಕೊಂಡೆ.

ಬಳಸುವ ಮೊದಲು ಸೂಚನೆಗಳನ್ನು ಪೂರ್ತಿ ಓದಿ ಎಂದು ಅದರ ಪುಸ್ತಕದಲ್ಲಿತ್ತು. ಸ್ಟಾಫ್ ರೂಮಿನಲ್ಲಿ ಕೆಂಪು ಪೆನ್ನು ಹಿಡಿದು ಓದತೊಡಗಿದೆ. ಬೆಳಕು, ದೂರ, ವೇಗ ಎಂದು ಕೋಷ್ಟಕ ಹಾಕಿಕೊಂಡೆ.

"ಕ್ಯಾಮೆರಾ ಎಲ್ಲಿ ಸಾರ್?" ಎಂದರು ಮುಖ್ಯೋಪಾಧ್ಯಾಯಿನಿ.

"ಮನೇಲಿ, ಡಬ್ಬದಲ್ಲೇ ಇದೆ ಮೇಡಂ. ಇನ್ನೂ ಇಪ್ಪತ್ತೆಂಟು ಪುಟ ಬಾಕಿ."

"ತಗೊಂಡು ಎಷ್ಟು ದಿನ ಆಯ್ತು?"

"ನಲವತ್ತೊಂದು."

ಫೋಟೋ ಯಾರಿಗೆಂದು ತಿಳಿದಿದ್ದ ಅವರು, "ನಿಮ್ಮತ್ತೆಗೆ ಒಂದು ಮಾತು ಹೇಳಿಬಿಡಿ," ಅಂದರು. "ಪಾಪ, ಅಲ್ಲೀತನಕ ತಡ್ಕೊಳ್ಳಲಿ."

3. ಸರ್ವೇ

ಅಭ್ಯಾಸಕ್ಕೆ ಅಲುಗಾಡದ ವಸ್ತು ಆರಿಸಿಕೊಳ್ಳಬೇಕೆಂದು ಪುಸ್ತಕ ಹೇಳಿತು. ನಮ್ಮ ಕೆಜಿಎಫ್‌ನಲ್ಲಿ ಗಣಿಯಿಂದ ಬಂದ ಮಣ್ಣಿನ ಗುಡ್ಡಗಳಷ್ಟು ಅಲುಗಾಡದ್ದು ಬೇರೆ ಏನಿದೆ? ಒಂದು ಸಂಜೆ ಗುಡ್ಡದ ಎದುರು ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ ಕ್ಯಾಮೆರಾ ಏರಿಸಿದೆ. ಪಕ್ಕದ ಕಾರ್ಮಿಕರ ಲೈನ್‌ಮನೆಗಳಿಂದ ಹಳೆಯ ಗಣಿ ಕೆಲಸಗಾರರೊಬ್ಬರು ಬಂದರು.

"ಸರ್ವೇನಾ ಸಾರ್? ನಮ್ಮ ಮನೆ ಓಗ್ತದಾ?"

"ಅಲ್ಲಪ್ಪ, ನಾನು ಮೇಷ್ಟ್ರು. ಫೋಟೋ ಅಭ್ಯಾಸ ಮಾಡ್ತಿದ್ದೀನಿ."

"ಸರ್ವೇಗೆ ಬಂದೋರೆಲ್ಲ ಇಂಗೇ ಏಳೋದು," ಎಂದು ಅವರು ಓಣಿಯ ಕಡೆ ತಿರುಗಿ, "ಎಲ್ಲಾರುಂ ವಾಂಗೋ, ಸರ್ವೇ ವಂದಿರುಕ್ಕು," ಎಂದು ತಮಿಳಿನಲ್ಲಿ ಎಲ್ಲರನ್ನೂ ಕೂಗಿ ಕರೆದರು.

ಒಂಬತ್ತು ಜನ ಮನೆಯ ಕಾಗದ ಹಿಡಿದು ಸಾಲಾಗಿ ನಿಂತರು. ಕೈಗೆ ಬಂದ ಕಾಗದ ಓದದೆ ಹಿಂದಿರುಗಿಸುವುದು ನನ್ನಿಂದಾಗದು. ಓದಿದೆ, ತಪ್ಪು ತಿದ್ದಿದೆ, ಎರಡು ಅರ್ಜಿ ಹೊಸದಾಗಿ ಬರೆದುಕೊಟ್ಟೆ. ಅಷ್ಟರಲ್ಲಿ ಕೋಷ್ಟಕದಲ್ಲಿದ್ದ ಬೆಳಕು ಮುಗಿದಿತ್ತು.

"ನೀವು ಸರ್ವೇಯೋರಲ್ಲ ಅಂತ ಈಗ ನಂಬ್ತೀನಿ," ಅಂದರು ಆ ಹಿರಿಯರು. "ಅವ್ರಾಗಿದ್ರೆ ಕಾಗದ ಓದ್ತಿರ್ಲಿಲ್ಲ."

4. ಗೋಡೆಗೆ

ಮೂರು ತಿಂಗಳು ತುಂಬಿದ ಭಾನುವಾರ ಬೇತಮಂಗಲದ ಬಸ್ಸು ಹತ್ತಿದೆ. ಆ ಕಡೆ ಬದುಕಿರುವವರ ಫೋಟೋ ದೊಡ್ಡದು ಮಾಡಿಸಿ ಗೋಡೆಗೆ ಹಾಕುವುದಿಲ್ಲ. ಕ್ಯಾಮೆರಾ ಕಂಡ ಕೂಡಲೇ ಅತ್ತೆಗೆ ಅರ್ಥವಾಯಿತು.

"ಗೋಡೆಗೆ ಆಕಕ್ಕಾ?"

"ಹೌದತ್ತೆ."

"ಅಂಗಾದ್ರೆ ಎದೆಗಂಟ ತೆಗಿಯಪ್ಪ. ಊವಿಗೆ ಜಾಗ ಬೇಕು."

ನಲವತ್ತಮೂರು ಫೋಟೋ ತೆಗೆದೆ. ನಲವತ್ತಮೂರರಲ್ಲೂ ಅತ್ತೆ ಕಣ್ಣು ಮುಚ್ಚಿದ್ದರು.

"ಅತ್ತೆ, ಕಣ್ಣು ಬಿಡಿ."

"ಬುಟ್ಟೇ ಇವ್ನಿ ಕಣಪ್ಪ. ನಿನ್ ಡಬ್ಬಾನೇ ಮುಚ್ಚುಸ್ತೈತೆ. ನಿನ್ ಎಂಡ್ರೂ ಇಂಗೇ ಅಲ್ವಾ? ಕ್ಲಿಕ್ಕಂದ್ರೆ ಮುಚ್ಚೋಳು."

ಹೌದು. ಅದಕ್ಕೇ ಒಂದೇ ಫೋಟೋ. ಕ್ಯಾಮೆರಾ ಕೆಳಗಿಟ್ಟೆ. ಅತ್ತೆ ನನ್ನನ್ನೇ ನೋಡುತ್ತ, "ನನ್ ಫೋಟೋ ಇಡಿಯಕ್ಕೆ ನೀನಿದೀಯ. ನಿಂದು ಇಡಿಯಕ್ಕೆ ಯಾರವ್ರೆ?" ಅಂದರು.



"ಕೊಡಿಲ್ಲಿ," ಎಂದು ಕ್ಯಾಮೆರಾ ಎತ್ತಿಕೊಂಡರು.

"ಅರ್ಧ ಒತ್ತಿ ಹಿಡ್ಕೊಂಡು, ಆಮೇಲೆ ನಿಧಾನಕ್ಕೆ ಪೂರ್ತಿ..." ಎನ್ನುವಷ್ಟರಲ್ಲಿ ಕ್ಲಿಕ್ಕಾಗಿತ್ತು. ನನ್ನ ಮೀಸೆಯ ಕೂದಲನ್ನು ಒಂದೊಂದಾಗಿ ಎಣಿಸಬಹುದಿತ್ತು. ಆ ಕ್ಯಾಮೆರಾದಲ್ಲಿ ಈವರೆಗೆ ಬಂದ ಒಳ್ಳೆಯ ಫೋಟೋ ಅದೊಂದೇ. ಅದನ್ನು ದೊಡ್ಡದು ಮಾಡಿಸಿಕೊಡು ಎಂದು ಅತ್ತೆ ಹಠ ಹಿಡಿದರು. ಮಾಡಿಸಿಕೊಟ್ಟೆ. ನಡುಮನೆಯಲ್ಲಿ ತೂಗುಹಾಕಿಕೊಂಡರು.

ಹೋದ ವಾರ, ಕಣ್ಣು ಬಿಟ್ಟ ಅತ್ತೆಯ ಫೋಟೋ ಒಂದಾದರೂ ಸಿಗಲಿ ಎಂದು ಮತ್ತೆ ಹೋದೆ. ಅವರು ಒಳಗೆ ತಲೆ ಬಾಚಿಕೊಳ್ಳುತ್ತಿದ್ದರು. ಹಾಲು ಕೊಡಲು ಬಂದ ಹೆಂಗಸು ಗೋಡೆ ನೋಡಿದಳು, ನನ್ನನ್ನು ನೋಡಿದಳು, ದನಿ ತಗ್ಗಿಸಿದಳು.

"ತೀರ್ಕೊಂಡೋರು ನಿಮ್ಗೆ ಅಣ್ಣ ಆಗ್ಬೇಕಾ ಸಾರ್?"

ಸುಳ್ಳು ಹೇಳಿ ನನಗೆ ರೂಢಿಯಿಲ್ಲ.

"ಅಲ್ಲಮ್ಮ," ಅಂದೆ. "ನಾನೇ."