ಲಕ್ಷ್ಮೀಪುರಂಗೆ ಹೋದ ನಿಕ್ಸನ್

ಅಮೇರಿಕಕ್ಕೆ ಮುಂದಿನ ಅಧ್ಯಕ್ಷ ಯಾರೆಂಬುದನ್ನು ಅಮೇರಿಕದವರಿಗಿಂತ ಮೊದಲು ಮೈಸೂರಿಗೆ ತಿಳಿಸಿಯೇ ತೀರುತ್ತೇನೆ ಎಂದು ಕೃಷ್ಣಮೂರ್ತಿಪುರಂನ ಲಕ್ಷ್ಮೀನರಸಿಂಹಯ್ಯನವರು ೧೯೬೦ರ ದೀಪಾವಳಿಯ ಹಿಂದಿನ ವಾರ ಪಣ ತೊಟ್ಟರು. ಯಾರೂ ಅವರನ್ನು ಕೇಳಿರಲಿಲ್ಲ. ಅಮೇರಿಕದವರಂತೂ ಕೇಳಿರಲೇ ಇಲ್ಲ. ಆದರೆ ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾಗಿ, ಬೆಳಗಿನ ಕಾಫಿಗೂ ಮಧ್ಯಾಹ್ನದ ಕಾಫಿಗೂ ನಡುವೆ ಜಾತಕ ಬರೆಯುವ ವಿದ್ಯೆಯನ್ನು ಸಾಧಿಸಿಕೊಂಡಿದ್ದ ಮನುಷ್ಯ, ಲೋಕ ಇಂಥ ದೊಡ್ಡ ಗೊಂದಲದಲ್ಲಿರುವಾಗ ಸುಮ್ಮನೆ ಕೂರುವುದಾದರೂ ಹೇಗೆ?

ಇದಕ್ಕೆಲ್ಲ ಮೂಲ ಬೀದಿ ಕೊನೆಯ ವಾಚನಾಲಯ. ಅಲ್ಲಿ ದಿನಾ ಬೆಳಿಗ್ಗೆ ಅವರಿಗೆ ಜೊತೆಯಾಗುತ್ತಿದ್ದವರು ಪುಟ್ಟಣ್ಣ. ಅರಮನೆಯ ಕುದುರೆ ಲಾಯದಲ್ಲಿ ಆಯುಷ್ಯ ಕಳೆದವರು. ಪತ್ರಿಕೆಯಲ್ಲಿ ಕೆನಡಿ, ನಿಕ್ಸನ್ ಇಬ್ಬರ ಚಿತ್ರಗಳನ್ನೂ ಅಕ್ಕಪಕ್ಕ ಹಾಕಿದ್ದರು. ಪುಟ್ಟಣ್ಣ ಕನ್ನಡಕ ಏರಿಸಿ, ಕೆನಡಿಯ ಮುಖದ ಮೇಲೆ ಬೆರಳಿಟ್ಟರು.

"ಇವ್ನೇ ಗೆಲ್ಲೋದು ಬುಡಿ ಸ್ವಾಮಿ. ಹಲ್ಲು ನೋಡಿ. ಕತ್ತು ನೋಡಿ. ನಲವತ್ಮೂರು ವರ್ಸ ಅಂತೆ. ಒಳ್ಳೇ ತಳಿ."

"ಆರಿಸ್ತಿರೋದು ಅಧ್ಯಕ್ಷರನ್ನ ಕಣ್ರೀ, ಸಾರೋಟಿಗೆ ಕಟ್ಟೋಕಲ್ಲ," ಎಂದರು ಲಕ್ಷ್ಮೀನರಸಿಂಹಯ್ಯನವರು. "ನಿಕ್ಸನ್ ಎಂಟು ವರ್ಷದಿಂದ ಉಪಾಧ್ಯಕ್ಷ. ಎಂಟು ವರ್ಷ ಎರಡನೇ ಕುರ್ಚೀಲಿ ಕೂತವನನ್ನ ಬಿಟ್ಟು, ಹೊರಗಿನ ಹುಡುಗನನ್ನ ತಂದು ಮೇಲೆ ಕೂರಿಸ್ತಾರಾ? ಸೀನಿಯಾರಿಟಿ ಅಂತ ಒಂದಿದೆಯೋ ಇಲ್ವೋ?"

"ನಾವಿಲ್ಲಿ ಹೇಳುದ್ರೆ ಆಯ್ತದಾ? ಅಲ್ಲಿಯೋರು ಓಟು ಹಾಕ್ಬೇಕಲ್ಲ."

"ಓಟು ಹಾಕೋರು ಅವರು. ಹಾಕಿಸೋದು ಗ್ರಹಗಳು."

ಈ ಸೀನಿಯಾರಿಟಿಯ ಹಿಂದೆ ಒಂದು ಹಳೆಯ ಗಾಯವಿತ್ತು. ನಿವೃತ್ತಿಗೆ ಎರಡು ವರ್ಷವಿದ್ದಾಗ ಕಚೇರಿಯಲ್ಲಿ ಶಿರಸ್ತೇದಾರರ ಜಾಗ ಖಾಲಿಯಾಗಿತ್ತು. ಅದು ತಮ್ಮದೇ ಎಂದು ಇವರು ಹೊಸ ಕೋಟು ಹೊಲಿಸಿಕೊಂಡಿದ್ದರು. ಬಂದವನು ಬೇರೆ ಊರಿನ ಮೂವತ್ತೈದರ ಯುವಕ. ಅವನು ಒಳಗೆ ಬಂದಾಗಲೆಲ್ಲ ಆ ಹೊಸ ಕೋಟಿನಲ್ಲೇ ಎದ್ದು ನಿಂತು ನಮಸ್ಕಾರ ಹೇಳುತ್ತ ಎರಡು ವರ್ಷ ಕಳೆದರು. ಅಂದಿನಿಂದ ಪ್ರಪಂಚದಲ್ಲಿ ಎಲ್ಲೇ ಆಗಲಿ, ಎರಡನೆಯ ಕುರ್ಚಿಯವರೆಂದರೆ ಅವರ ಕರುಳು ಚುರ್ ಎನ್ನುತ್ತಿತ್ತು. ನಿಕ್ಸನ್ ಗೆದ್ದರೆ ತಮಗೇ ಬಡ್ತಿ ಬಂದಂತೆ ಎಂದು ಅವರು ಒಳಗೊಳಗೇ ನಂಬಿದ್ದರು.

ಮನೆಯಲ್ಲಿ ಆ ಹೊತ್ತಿಗೆ ಇದಕ್ಕಿಂತ ಸಣ್ಣ ವಿಷಯವೊಂದು ನಡೆದಿತ್ತು. ಅದು ಮಗಳು ಭಾನುಮತಿಯ ಮದುವೆ.

ಭಾನುಮತಿಗೆ ಇಪ್ಪತ್ತೆರಡು ತುಂಬಿತ್ತು. ಮೆಲ್ಲಗೆ ಮಾತಾಡುವ ಹುಡುಗಿ. ಮೂರು ಕಡೆಯವರು ಬಂದು, ಕೇಸರಿಭಾತು ಚೆನ್ನಾಗಿದೆ ಎಂದು ಹೇಳಿ ಹೋಗಿದ್ದರು. ನಾಲ್ಕನೆಯವರು ಪಕ್ಕದ ಬಡಾವಣೆ ಲಕ್ಷ್ಮೀಪುರಂನ ರಾಮಯ್ಯನವರು. ಅವರ ಮಗ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟರು. ಅವನು ಹಾಡು ಹೇಳು ಎನ್ನಲಿಲ್ಲ, ಅಡಿಗೆ ಬರುತ್ತದೆಯೇ ಎನ್ನಲಿಲ್ಲ. ಅಂಗಳದ ಸೇವಂತಿಗೆ ಗಿಡಕ್ಕೆ ಯಾವ ಮಣ್ಣು ಹಾಕಿದ್ದೀರಿ ಎಂದು ಕೇಳಿದ. ಭಾನುಮತಿ ತಲೆಯೆತ್ತಿ ಹೇಳಿದಳು. ಅವನು ಇನ್ನೊಂದು ಪ್ರಶ್ನೆ ಕೇಳಿದ. ಅವಳು ಅದಕ್ಕೂ ಹೇಳಿದಳು. ಉಪ್ಪಿಟ್ಟು ಆರಿಹೋಯಿತು. ಮರುದಿನವೇ ರಾಮಯ್ಯನವರಿಂದ ಹುಡುಗಿ ಒಪ್ಪಿಗೆ ಎಂದು ಸುದ್ದಿ ಬಂತು. ಜಾತಕ ಕಳಿಸಿ, ಕೂಡಿಬಂದರೆ ಕಾರ್ತಿಕದಲ್ಲೇ ತಾಂಬೂಲ ಬದಲಾಯಿಸೋಣ ಎಂದರು. ಅಂದಿನಿಂದ ಭಾನುಮತಿ ಕೆಲಸ ಮಾಡುತ್ತ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಳು. ತಾಯಿ ಸುಂದರಮ್ಮ ಅದನ್ನು ಕೇಳಿಯೂ ಕೇಳದವರಂತೆ ಓಡಾಡುತ್ತಿದ್ದರು.

ಇನ್ನು ಬೇಕಾಗಿದ್ದುದು ಒಂದೇ. ಹಳೆಯ ನೋಟ್ ಪುಸ್ತಕದಲ್ಲಿದ್ದ ಭಾನುಮತಿಯ ಜಾತಕವನ್ನು ಒಂದು ಒಳ್ಳೆಯ ಹಾಳೆಗೆ ಇಳಿಸುವುದು. ಕಾಲು ಗಂಟೆಯ ಕೆಲಸ.

"ಭಾನೂದು ಬರೆದ್ರಾ?" ಎಂದು ಸುಂದರಮ್ಮ ಕೇಳಿದರು.

"ನಾಳೆ ಬರೀತೀನಿ ಕಣೇ. ಈಗ ಅಮೇರಿಕದ ಸೂರ್ಯೋದಯ ಲೆಕ್ಕ ಹಾಕ್ತಿದೀನಿ."

ಆ ಲೆಕ್ಕ ಸಾಮಾನ್ಯದ್ದಲ್ಲ. ಕೆನಡಿ, ನಿಕ್ಸನ್ ಇಬ್ಬರೂ ಹುಟ್ಟಿದ ದಿನ ಇಂಗ್ಲಿಷ್ ಪತ್ರಿಕೆಯಲ್ಲಿ ಸಿಕ್ಕಿತ್ತು. ಊರು ಎಲ್ಲಿದೆ ಎಂಬುದು ಭಾನುಮತಿಯ ಹೈಸ್ಕೂಲು ಅಟ್ಲಾಸಿನಲ್ಲಿ ಸಿಕ್ಕಿತು. ಹುಟ್ಟಿದ ಗಳಿಗೆ ಮಾತ್ರ ಎಲ್ಲೂ ಸಿಗಲಿಲ್ಲ. ಲಕ್ಷ್ಮೀನರಸಿಂಹಯ್ಯನವರು ಎದೆಗುಂದಲಿಲ್ಲ. ಇಬ್ಬರ ಚಿತ್ರವನ್ನೂ ಕತ್ತರಿಸಿಕೊಂಡು, ಭೂತಗನ್ನಡಿ ಹಿಡಿದು, ಹಣೆಯನ್ನೂ ದವಡೆಯನ್ನೂ ಪರೀಕ್ಷಿಸಿ ಲಗ್ನ ನಿಗದಿ ಮಾಡಿದರು. ನಿಕ್ಸನ್ನನ ದವಡೆಗೆ ಸಿಂಹಲಗ್ನಕ್ಕಿಂತ ಕಡಿಮೆಯದನ್ನು ಕೊಡಲು ಅವರಿಗೆ ಮನಸ್ಸು ಬರಲಿಲ್ಲ. ಅಲ್ಲಿಂದ ಮುಂದೆ ರಾಜಯೋಗ ತಾನಾಗಿಯೇ ನಡೆದು ಬಂತು.

"ಆ ಇನ್ನೊಬ್ಬನ ಹೆಂಡತಿ ತುಂಬಿದ ಬಸುರಿ ಅಂತಲ್ಲಾ," ಎಂದರು ಸುಂದರಮ್ಮ, ಚಿತ್ರಗಳನ್ನು ನೋಡಿ. "ಅವನೇ ಗೆಲ್ಲಲಿ ಪಾಪ. ಭಾನೂದು ಬರೆದ್ರಾ?"

"ಅಮೇರಿಕದ ಎಲೆಕ್ಷನ್ನಿಗೆ ದಿನ ಗೊತ್ತಾಗಿದೆ. ನಿನ್ನ ಮಗಳ ಮದುವೆಗೆ ಇನ್ನೂ ಆಗಿಲ್ಲ. ಯಾವುದು ಅವಸರ, ನೀನೇ ಹೇಳು."

ಹೀಗೆ ಹನ್ನೊಂದು ದಿನ ಕಳೆಯಿತು. ಹನ್ನೆರಡನೆಯ ದಿನ ಸುಂದರಮ್ಮ ಮಾತಾಡಲಿಲ್ಲ, ಕಾಫಿಯನ್ನೂ ಕೊಡಲಿಲ್ಲ. ಲಕ್ಷ್ಮೀನರಸಿಂಹಯ್ಯನವರು ಗಾಬರಿಯಿಂದ ಕೂತು ಕಾಲು ಗಂಟೆಯಲ್ಲಿ ಮಗಳ ಜಾತಕ ಇಳಿಸಿದರು.

ಇಲ್ಲಿ ಅವರ ಒಂದು ನಿಯಮ ಹೇಳಬೇಕು. ಅವರು ಬರೆದ ಜಾತಕದಲ್ಲಿ ಹೆಸರಿರುತ್ತಿರಲಿಲ್ಲ, ಇಸವಿಯೂ ಇರುತ್ತಿರಲಿಲ್ಲ. ಎರಡು ಕುಂಡಲಿಗಳು, ಕೆಳಗೆ ನಕ್ಷತ್ರ, ಅಷ್ಟೆ. ಹೆಸರು ಕಂಡರೆ ನೋಡುವವನ ಮನಸ್ಸು ವಾಲುತ್ತದೆ, ಗ್ರಹಗಳೇ ಮಾತಾಡಲಿ ಎಂದು ಅವರ ವಾದ. ಇನ್ನೊಂದು ನಿಯಮವೂ ಇತ್ತು. ಜಾತಕ ಯಾರದೇ ಇರಲಿ, ನಾಲ್ಕು ಮೂಲೆಗೂ ಅರಿಸಿನ ಹಚ್ಚದೆ ಫಲ ಹೇಳುತ್ತಿರಲಿಲ್ಲ. ಅಮೇರಿಕದವರೆಂದು ಭೇದ ಮಾಡಲಿಲ್ಲ. ಆ ಬೆಳಿಗ್ಗೆ ಮೂರು ಹಾಳೆಗಳು, ಮೂರಕ್ಕೂ ಅರಿಸಿನ ಹಚ್ಚಿಸಿಕೊಂಡು, ಕಿಟಕಿಯ ಕಟ್ಟೆಯ ಮೇಲೆ ಒಣಗುತ್ತಿದ್ದವು.

ಅಷ್ಟರಲ್ಲಿ ಪುಟ್ಟಣ್ಣ ಬೀದಿಯಿಂದ ಕೂಗಿದರು. "ಸ್ವಾಮಿ, ಪೇಪರ್ ನೋಡುದ್ರಾ? ನಮ್ಮ ಹುಡುಗ ಮುಂದವ್ನೆ ಅಂತ ಬರ್ದವ್ರೆ."

ಲಕ್ಷ್ಮೀನರಸಿಂಹಯ್ಯನವರು ಕಿಟಕಿಯಾಚೆ ಬಗ್ಗಿ ಉತ್ತರ ಕೊಡುತ್ತ, ಕೈಗೆ ಸಿಕ್ಕ ಹಾಳೆಯನ್ನು ಮಡಚಿ ಲಕೋಟೆಗೆ ತುಂಬಿ, ಉಳಿದೆರಡನ್ನು ಪಂಚಾಂಗದೊಳಗೆ ಸಿಕ್ಕಿಸಿದರು. ಎಲೆ ಅಡಿಕೆ, ಬಾಳೆಹಣ್ಣಿನ ಜೊತೆ ಲಕೋಟೆಯನ್ನು ತಾವೇ ಲಕ್ಷ್ಮೀಪುರಂಗೆ ನಡೆದು ಹೋಗಿ ಮುಟ್ಟಿಸಿದರು. ಬರುವಾಗ ವಾಚನಾಲಯಕ್ಕೆ ಹೊಕ್ಕು, ನಿಕ್ಸನ್ನನಿಗೆ ರಾಜಯೋಗ ಖಚಿತ, ಬೇಕಾದವರು ಬರೆದಿಟ್ಟುಕೊಳ್ಳಿ ಎಂದು ಘೋಷಿಸಿದರು. ಯಾರೂ ಬರೆದಿಟ್ಟುಕೊಳ್ಳಲಿಲ್ಲ.

ಎರಡು ವಾರ ಲಕ್ಷ್ಮೀಪುರಂ ಸುಮ್ಮನಿತ್ತು. ಉತ್ಥಾನ ದ್ವಾದಶಿ ಕಳೆಯಿತು. ಭಾನುಮತಿ ಪೋಸ್ಟಿನವನು ಬರುವ ಹೊತ್ತಿಗೆ ಸರಿಯಾಗಿ ಬಾಗಿಲ ಧೂಳು ಹೊಡೆಯಲು ಶುರುಮಾಡಿದಳು. ಆ ಬಾಗಿಲಷ್ಟು ಶುಭ್ರವಾದ ಬಾಗಿಲು ಕೃಷ್ಣಮೂರ್ತಿಪುರಂನಲ್ಲಿ ಇನ್ನೊಂದಿರಲಿಲ್ಲ.

ನವೆಂಬರ್ ಹತ್ತನೆಯ ತಾರೀಕು ಎರಡು ಸುದ್ದಿಯೂ ಒಟ್ಟಿಗೆ ಬಂದವು. ಬೆಳಿಗ್ಗೆ ಪುಟ್ಟಣ್ಣ ಪತ್ರಿಕೆ ಹಿಡಿದು ಮನೆಗೇ ಬಂದರು. ಗೆದ್ದೆನೆಂಬ ಗತ್ತು ಅವರಲ್ಲಿರಲಿಲ್ಲ. "ಬೇಜಾರ್ ಮಾಡ್ಕಬೇಡಿ. ಬಾಳ ಕಮ್ಮೀಲಿ ಹೋಯ್ತು. ಕೂದ್ಲೆಳೆ ಅಂತಾರಲ್ಲ, ಅಷ್ಟು," ಎಂದು ಸಮಾಧಾನ ಹೇಳಿ ಹೋದರು. ಲಕ್ಷ್ಮೀನರಸಿಂಹಯ್ಯನವರಿಗೆ ಇನ್ನೊಮ್ಮೆ ಶಿರಸ್ತೇದಾರಿಕೆ ತಪ್ಪಿದಂತಾಯಿತು.

ಮಧ್ಯಾಹ್ನ ರಾಮಯ್ಯನವರ ಕಾಗದ ಬಂತು. ಸುಂದರಮ್ಮ ಒಡೆದು ಓದಿದರು. "ನಮ್ಮ ಜೋಯಿಸರು ಜಾತಕವನ್ನು ಎರಡು ಬಾರಿ ನೋಡಿದರು. ಇದೇ ಕಾರ್ತಿಕದಲ್ಲಿ ಕೈಗೆ ಬಂದದ್ದು ಕೂದಲೆಳೆಯಲ್ಲಿ ತಪ್ಪಿಹೋಗುವ ಯೋಗವಿದೆಯಂತೆ. ಇದಲ್ಲದೆ, ಮನೆಯಲ್ಲಿ ನಿಲ್ಲದೆ ಊರೂರು ಸುತ್ತುವ, ಸಭೆಯಲ್ಲಿ ನಿಂತು ವಾದ ಮಾಡುವ ಸ್ವಭಾವ ಎನ್ನುತ್ತಾರೆ. ನಮ್ಮದು ಹಳೆಯ ಸಂಪ್ರದಾಯದ ಮನೆ. ದಯವಿಟ್ಟು ತಪ್ಪು ತಿಳಿಯಬಾರದು. ಜಾತಕವನ್ನು ಹಿಂದಿರುಗಿಸಿದ್ದೇನೆ."

"ಭಾನು ಸಭೇಲಿ ವಾದ ಮಾಡ್ತಾಳಾ?" ಎಂದರು ಸುಂದರಮ್ಮ. "ಹಾಲಿನವನ ಹತ್ರ ನೀರು ಹಾಕಿದೀಯ ಅಂತ ಕೇಳಕ್ಕೂ ಆಗದ ಹುಡುಗಿ ರೀ ಅದು."

ಲಕ್ಷ್ಮೀನರಸಿಂಹಯ್ಯನವರು ಹಿಂದಿರುಗಿ ಬಂದ ಹಾಳೆಯನ್ನು ಬಿಡಿಸಿದರು. ಸಿಂಹಲಗ್ನ. ತಾವೇ ದವಡೆ ನೋಡಿ ಕೂರಿಸಿದ ಸಿಂಹಲಗ್ನ. ಪಂಚಾಂಗ ತೆಗೆದರು. ಅದರೊಳಗೆ ಕೆನಡಿಯ ಪಕ್ಕದಲ್ಲಿ ಅವರ ಮಗಳು ಮಡಿಕೆಯೂ ಬೀಳದೆ ಮಲಗಿದ್ದಳು.

ಅವರು ಚಪ್ಪಲಿ ಮೆಟ್ಟಿದ್ದೂ ಗೊತ್ತಿಲ್ಲ, ಓಡಿದ್ದೂ ಗೊತ್ತಿಲ್ಲ. ರಾಮಯ್ಯನವರ ಪಡಸಾಲೆಯಲ್ಲಿ ನಿಂತು ಏದುಸಿರು ಬಿಡುತ್ತ ನಿಜವಾದ ಜಾತಕವನ್ನು ಚಾಚಿದರು.

"ದೊಡ್ಡ ಪ್ರಮಾದ ಆಗೋಯ್ತು ರಾಯರೇ. ನಮ್ಮ ಭಾನೂದು ಇದು."

"ಹಾಗಾದ್ರೆ ಮೊದಲು ಕೊಟ್ಟದ್ದು ಯಾರದು?"

"ಅದು... ಅಮೇರಿಕದ ನಿಕ್ಸನ್ ಅವರದು."

ರಾಮಯ್ಯನವರು ಕೋಪಿಸಿಕೊಳ್ಳುವ ಸ್ವಭಾವದವರಲ್ಲ. ಕೂತುಕೊಳ್ಳಿ ಎಂದರು, ನೀರು ತರಿಸಿ ಕೊಟ್ಟರು. ಆಮೇಲೆ ನಿಧಾನವಾಗಿ ಹೇಳಿದರು.

"ನೋಡಿ, ನಾನು ನಾಲ್ಕು ಮಕ್ಕಳ ಮದುವೆ ಮಾಡಿದೋನು. ಜಾತಕ ಕೂಡಲಿಲ್ಲ ಅಂದ ದಿನವೇ ಇನ್ನೊಂದು ಜಾತಕ ಹಿಡ್ಕೊಂಡು ಬರೋ ತಂದೆಯರನ್ನ ಬೇಕಾದಷ್ಟು ಕಂಡಿದೀನಿ. ಅವರ ಕಷ್ಟ ನಂಗೆ ಅರ್ಥ ಆಗುತ್ತೆ. ಆದ್ರೆ ಮೊದಲನೇದು ಅಮೇರಿಕದೋರದು ಅಂದ ತಂದೆಯನ್ನ ಇವತ್ತೇ ನೋಡಿದ್ದು."

"ಗಾಯತ್ರಿ ಆಣೆ, ನಿಜ. ನಿಮ್ಮ ಜೋಯಿಸರು ಹೇಳಿದ್ದೆಲ್ಲ ಅಕ್ಷರಶಃ ಆಗಿದೆ. ಪೇಪರ್ ನೋಡಿ."

"ನೀವು ಹೇಳ್ತಿರೋದು ನಿಜವೇ ಇರಬಹುದು. ಆದ್ರೆ ನನ್ನ ಹೆಂಡತಿಗೆ, ನನ್ನ ಅಣ್ಣನಿಗೆ ಇದನ್ನ ಯಾವ ಬಾಯಲ್ಲಿ ಹೇಳಲಿ? ಜಾತಕ ಬದಲಾಯಿಸಿದ ಮನೆ ಅಂತಲೇ ಅವರು ಹೇಳೋದು. ಆ ಹುಡುಗಿ ನಾಳೆ ಈ ಮನೇಲಿ ಬಾಳಬೇಕಲ್ಲ." ಅವರು ಆ ಹಾಳೆಯನ್ನು ಬಿಡಿಸದೆಯೇ ಹಿಂದಕ್ಕೆ ಕೊಟ್ಟರು.

ಒಳಬಾಗಿಲಲ್ಲಿ ಮಗ ನಿಂತು ಕೇಳುತ್ತಿದ್ದ. ಏನೋ ಹೇಳಲು ಬಾಯಿ ತೆರೆದ. ತಂದೆಯ ಮುಖ ನೋಡಿ ಒಳಗೆ ಹೋದ.

ಬಂದ ದಾರಿಯಲ್ಲಿ ಲಕ್ಷ್ಮೀನರಸಿಂಹಯ್ಯನವರು ನಡೆಯುತ್ತ ಹೋದರು. ಇಷ್ಟು ವರ್ಷ ತಮಗೆ ಅನ್ಯಾಯವಾಯಿತೆಂದು ಕೊರಗಿದವರಿಗೆ, ತಾವು ಮಾಡಿದ ಅನ್ಯಾಯ ಮೊದಲ ಬಾರಿಗೆ ಕಣ್ಣಿಗೆ ಬಿತ್ತು. ಕಾಲು ಗಂಟೆ. ಆ ಹನ್ನೊಂದು ದಿನಗಳಲ್ಲಿ ಒಂದು ಕಾಲು ಗಂಟೆಯನ್ನು ಸಮಾಧಾನದಿಂದ ಮಗಳಿಗೆ ಕೊಟ್ಟಿದ್ದರೆ ಸಾಕಾಗಿತ್ತು. ಅವರಿಗೆ ನಾಚಿಕೆಯಾಯಿತು, ದುಃಖವಾಯಿತು.

ಮನೆಯಲ್ಲಿ ಸುಂದರಮ್ಮ ಅಡಿಗೆಮನೆಯಿಂದ ಹೊರಗೆ ಬರಲಿಲ್ಲ. ಭಾನುಮತಿ ಕಾಫಿ ತಂದಿಟ್ಟಳು. ಹೇಳಬೇಕಾದುದನ್ನು ಅವರು ನೆಲ ನೋಡುತ್ತ ಹೇಳಿ ಮುಗಿಸಿದರು. ಅವಳು ಅಳಲಿಲ್ಲ. ಬೈದಿದ್ದರೂ ಆಗುತ್ತಿತ್ತು, ಬೈಯಲೂ ಇಲ್ಲ. ಮೇಜಿನ ಮೇಲಿದ್ದ ಪತ್ರಿಕೆಯನ್ನು ತೆಗೆದು, ಸೋತವನ ಚಿತ್ರವನ್ನು ಬಹಳ ಹೊತ್ತು ನೋಡಿದಳು.

"ಅಣ್ಣ, ಇವರಿಗೆ ಮಕ್ಕಳಿದಾರಾ?" ಎಂದು ತಂದೆಯನ್ನು ಕೇಳಿದಳು.

"ಇದಾರಮ್ಮ. ಇಬ್ಬರು. ಇಬ್ಬರೂ ಹೆಣ್ಣುಮಕ್ಕಳೇ," ಎಂದರು ಲಕ್ಷ್ಮೀನರಸಿಂಹಯ್ಯನವರು. ಆ ಮನೆತನದ ವಿಷಯ ಅವರಿಗೆ ತಿಳಿಯದ್ದು ಏನಿತ್ತು?

"ಪುಣ್ಯ ಮಾಡಿದಾರೆ," ಎಂದಳು ಭಾನುಮತಿ, ಪತ್ರಿಕೆಯನ್ನು ಮಡಚಿಡುತ್ತ. "ಎಲೆಕ್ಷನ್ ಮುಗೀತಲ್ಲ. ಇನ್ನು ಅವರಪ್ಪನಿಗೆ ಅವರನ್ನ ನೋಡೋಕೆ ಪುರುಸೊತ್ತಾಗುತ್ತೆ."